ಓಗೊಡದ ಹೆಸರು

ಕಿಟಕಿಯಾಚೆ ಕೂತಿದ್ದ ವಲಸೆ ಕಚೇರಿಯ ಹುಡುಗಿ ಕಾಗದದ ಕಟ್ಟನ್ನು ಹಿಂದೆ ಮುಂದೆ ತಿರುವಿ ಹಾಕಿ, ಕೊನೆಗೆ ತಲೆಯೆತ್ತಿ ಕೇಳಿದಳು: "ದೊಡ್ಡಮ್ಮ, ದೊಡ್ಡಪ್ಪಂಗೆ ಇಬ್ಬರು ಹೆಂಡ್ತೀರಾ?"

ಕೇಳಿದ್ದು ತಮಾಷೆಗೇ. ಒಳ್ಳೆಯ ಹುಡುಗಿ, ಮೇಲಧಿಕಾರಿಯ ಪಟ್ಟಿ ಹೆಗಲ ಮೇಲಿದ್ದರೂ ಮಾತಿನಲ್ಲಿ ಗತ್ತಿರಲಿಲ್ಲ. ಆದರೆ ಬೆಳಗಿನಿಂದ ಟೋಕನ್ ಹಿಡಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೊಂಟ ಬಿದ್ದುಹೋಗಿದ್ದ ಸುಚಾದಾಗೆ ನಗು ಬರಲಿಲ್ಲ.

"ಒಬ್ಬಳನ್ನ ಸಾಕೋಷ್ಟರಲ್ಲೇ ಅವರಿಗೆ ಸಾಕಾಗಿದೆ ಕಣಮ್ಮ," ಎಂದಳು.

"ಮತ್ತೆ ಇದೇನಿದು? ನಿಮ್ಮ ಗುರುತಿನ ಚೀಟೀಲಿ ಸುಚಾದಾ. ಸ್ವೀಡನ್ನಿಂದ ತರಿಸಿದ ಮದುವೆ ಪತ್ರದಲ್ಲಿ ದೊಡ್ಡಪ್ಪನ ಹೆಂಡ್ತಿ ಲಮ್‌ಯೈ. ನಿಮ್ಮ ಆ ದೇಶದ ಪಾಸ್‌ಪೋರ್ಟಲ್ಲೂ ಲಮ್‌ಯೈ."

"ಎರಡೂ ನಾನೇ. ಹೆಸರು ಬದಲಾಯಿಸ್ಕೊಂಡೆ. ತಾಲ್ಲೂಕು ಕಚೇರಿ ಕೊಟ್ಟ ಪತ್ರ ಕೆಳಗಿದೆ ನೋಡು."

"ನೋಡಿದೆ. ಅದು ನಮ್ಮ ಕಡೆಗೆ ಸರಿ. ಅವರ ಕಡೆಯೋರು ನಿಮ್ಮನ್ನ ಸುಚಾದಾ ಅಂತ ಒಪ್ಕೊಂಡಿಲ್ವಲ್ಲ? ಇಷ್ಟು ವರ್ಷ ದೊಡ್ಡಪ್ಪ ನಿವೃತ್ತರು ಅನ್ನೋ ಲೆಕ್ಕದಲ್ಲಿದ್ರು, ಹೆಂಡ್ತಿ ಯಾರು ಅಂತ ನಾವು ಕೇಳ್ತಾನೇ ಇರಲಿಲ್ಲ. ಈ ಸಲ ಇಲ್ಲಿ ಇರೋ ಅನುಮತೀನ ಹೆಂಡ್ತಿ ಆಧಾರದ ಮೇಲೆ ಕೇಳ್ತಿದೀರಿ. ಅಂದ್ಮೇಲೆ ಹೆಂಡ್ತಿ ಯಾರು ಅನ್ನೋದನ್ನ ಎರಡು ದೇಶಾನೂ ಒಂದೇ ಬಾಯಲ್ಲಿ ಹೇಳಬೇಕು."

ಹೆಂಡತಿಯ ಆಧಾರದ ಮೇಲೆ ಕೇಳದೆ ಇನ್ನೇನು ಮಾಡಬೇಕಿತ್ತು? ನಿವೃತ್ತರ ಲೆಕ್ಕದಲ್ಲಿ ಅನುಮತಿ ಮುಂದುವರಿಸಲು ಬ್ಯಾಂಕಿನಲ್ಲಿ ಇಡಲೇಬೇಕಾದ ದುಡ್ಡಿನ ಅರ್ಧ ಭಾಗವನ್ನು ಆಸ್ಪತ್ರೆ ನುಂಗಿತ್ತು. ಉಳಿದರ್ಧ ಸಾಕಾಗುವುದು ಇದೊಂದೇ ದಾರಿಗೆ. ಅದಕ್ಕಾಗಿ ಸುಚಾದಾ ತಿಂಗಳಿಡೀ ಓಡಾಡಿದ್ದಳು. ಮನೆಯ ಬಾಗಿಲ ಸಂಖ್ಯೆ ಕಾಣುವ ಹಾಗೆ ಇಬ್ಬರೂ ನಿಂತ ಫೋಟೊ, ನಿಲ್ಲಲಾಗದವನನ್ನು ನಿಲ್ಲಿಸಿ ತೆಗೆಸಿದ್ದು. ಮಂಚದ ಮೇಲೆ ಕೂತ ಫೋಟೊ. ಊರಿನ ಕೆರೆ, ವಿಹಾರ, ನೀರಿನ ಟ್ಯಾಂಕು ಗುರುತು ಹಾಕಿ ಕೈಯಲ್ಲೇ ಬರೆದ ಮನೆಯ ದಾರಿಯ ನಕ್ಷೆ. ಪ್ರತಿ ಪುಟದ ಜೆರಾಕ್ಸಿಗೂ ರುಜು. ಅವನ ರುಜುವಿಗೆ ಬದಲು ಹೆಬ್ಬೆಟ್ಟು. ಆ ಶಾಯಿ ಇನ್ನೂ ಅವಳ ಸೆರಗಿನಂಥ ಹೆಗಲಬಟ್ಟೆಯ ಮೇಲಿಂದ ಹೋಗಿರಲಿಲ್ಲ.

"ತಿಂಗಳ ಕೊನೆಗೆ ಅನುಮತಿ ಮುಗಿಯುತ್ತೆ," ಎಂದಳು ಹುಡುಗಿ, ದನಿ ತಗ್ಗಿಸಿ. "ಅಷ್ಟರಲ್ಲಿ ಆಗದಿದ್ರೆ ದೇಶ ಬಿಟ್ಟು ಆಚೆ ಹೋಗಿ, ಹೊಸದಾಗಿ ವೀಸಾ ಮಾಡಿಸ್ಕೊಂಡು ಬರಬೇಕಾಗುತ್ತೆ."

"ಇವರನ್ನ ನೋಡಿ ಹೇಳು ತಾಯಿ. ಎಲ್ಲಿಗೆ ಅಂತ ಎತ್ಕೊಂಡು ಹೋಗ್ಲಿ?"

ಪಕ್ಕದಲ್ಲಿ ವೀಲ್‌ಚೇರಿನಲ್ಲಿ ಗಂಡ ಅರ್ವಿದ್ ಕೂತಿದ್ದ. ಆರಡಿ ಮೀರಿದ ದೇಹ, ಬಲಗೈ ಮಡಿಲಲ್ಲಿ ಸತ್ತುಬಿದ್ದಿದೆ, ಬಾಯಿಯ ಬಲಮೂಲೆ ಜಾರಿದೆ. ವಿಮಾನ ಹತ್ತಿಸಬೇಡಿ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಲಾವೋಸ್ ಗಡಿಯವರೆಗೆ ಗಾಡಿಯಲ್ಲಿ ಒಯ್ದರೂ ಆ ಕುಲುಕಾಟದಲ್ಲಿ ಜೀವ ಉಳಿದೀತೆಂಬ ಧೈರ್ಯ ಅವಳಿಗಿರಲಿಲ್ಲ.

ಹುಡುಗಿ ಅವನನ್ನು ನೋಡಿದಳು, ಕಾಗದ ನೋಡಿದಳು. "ಒಂದು ಮಾತು ಹೇಳ್ಲಾ ದೊಡ್ಡಮ್ಮ? ಇಲ್ಲಿ ಹಳೇ ಹೆಸರನ್ನೇ ವಾಪಸ್ ತಗೊಂಡ್ಬಿಡಿ. ಅರ್ಧ ದಿನದ ಕೆಲಸ, ಹೊಸ ಚೀಟಿ ಕೈಗೇ ಕೊಡ್ತಾರೆ. ಎಲ್ಲಾ ಕಡೆ ಲಮ್‌ಯೈ ಆಗುತ್ತೆ. ನಾನು ಕಣ್ಣುಮುಚ್ಚಿ ಮೊಹರು ಒತ್ತೀನಿ."

"ಅದು ಮಾತ್ರ ಆಗಲ್ಲ," ಎಂದಳು ಸುಚಾದಾ.

"ಯಾಕೆ?"

ಅವಳು ಗಂಡನ ಬಾಯಿಮೂಲೆ ಒರೆಸಿದಳು. ಹುಡುಗಿ ಮುಂದಕ್ಕೆ ಬಾಗಿ, ಕಿವುಡರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಅರ್ವಿದ್‌ನನ್ನು ಕೇಳಿದಳು: "ದೊಡ್ಡಪ್ಪಾ, ಇವರ ಹೆಸರೇನು?"

"ಲಮ್‌ಯೈ," ಎಂದ ಅರ್ವಿದ್, ಕಿಟಕಿಯ ಗಾಜು ನಡುಗುವ ಹಾಗೆ. ಹಿಂದೆ ಸಾಲಿನಲ್ಲಿದ್ದವರು ನಕ್ಕರು.

"ನೋಡಿ ಮತ್ತೆ! ಅವರಿಗೇ ಗೊತ್ತು," ಎಂದು ಹುಡುಗಿ ಕಟ್ಟನ್ನು ಹಿಂದಕ್ಕೆ ತಳ್ಳಿದಳು.

ಹೊರಗೆ ಮರದ ನೆರಳಿನಲ್ಲಿ ಪಿಕಪ್ ಗಾಡಿ ನಿಲ್ಲಿಸಿಕೊಂಡು ತಂಗಿ ಮಲಿವನ್ ಕಾಯುತ್ತಿದ್ದಳು. ಹೆದ್ದಾರಿ ಪಕ್ಕ ಸುಟ್ಟ ಕೋಳಿ, ಪರಂಗಿಕಾಯಿ ಕೋಸಂಬರಿ ಮಾರುವವಳು. ಇವತ್ತು ಅಂಗಡಿ ಮುಚ್ಚಿ ಬಂದಿದ್ದಳು. ಅಕ್ಕನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು.

"ಆಗ್ಲಿಲ್ವಾ?"

"ಹೆಸರು ತಾಳೆ ಆಗಲ್ವಂತೆ."

"ನಾನು ಅವತ್ತೇ ಬಡ್ಕೊಂಡೆ," ಎಂದಳು ಮಲಿವನ್, ಭಾವನ ಕಂಕುಳಿಗೆ ಕೈ ಹಾಕಿ ಎತ್ತುತ್ತಾ. "ಅರವತ್ತು ದಾಟಿದ ಮುದುಕಿಗೆ ಸಿನಿಮಾ ನಟಿ ಹಾಗೆ ಹೊಸ ಹೆಸರು ಯಾಕೆ ಅಂತ. ಭಾವಾ, ಸ್ವಲ್ಪ ನೀವೂ ಕಾಲು ಊರಿ, ನಾನೇನು ಆನೆ ಅಲ್ಲ!"

ಈ ಹೆಸರಿನ ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಲಾವೋಸ್ ಗಡಿಗೆ ಅಂಟಿಕೊಂಡ ನಮ್ಮ ಈಸಾನ್ ಸೀಮೆಯಲ್ಲಿ ಹೆಸರು ಬದಲಾಯಿಸಿಕೊಳ್ಳುವುದು ದೊಡ್ಡ ಸುದ್ದಿಯೇನಲ್ಲ. ವ್ಯಾಪಾರ ಕೈಹತ್ತಲಿಲ್ಲ, ಮಗು ನಿಲ್ಲಲಿಲ್ಲ, ಗಾಡಿ ಮೂರು ಸಲ ಗುದ್ದಿತು ಅಂದರೆ ಜನ ವಿಹಾರಕ್ಕೆ ಹೋಗಿ ಹಿರಿಯ ಭಿಕ್ಕುಗಳನ್ನು ಕೇಳಿ ಹೊಸ ಹೆಸರು ಇಡಿಸಿಕೊಳ್ಳುತ್ತಾರೆ, ತಾಲ್ಲೂಕು ಕಚೇರಿಯವರು ಬಾಯಿಮುಚ್ಚಿಕೊಂಡು ಬರೆದುಕೊಡುತ್ತಾರೆ. ಕೆಲವರಿಗೆ ನಾಲ್ಕನೆಯ ಹೆಸರು ನಡೆಯುತ್ತಿದೆ. ಅದರಿಂದ ಯಾರ ಮನೆ ಮುಳುಗಿದ್ದೂ ನಾನು ಕಂಡಿಲ್ಲ. ಆದರೆ ಎರಡು ದೇಶದ ಪ್ರಜೆಯಾದವಳು ಒಂದು ದೇಶದಲ್ಲಿ ಮಾತ್ರ ಹೆಸರು ಬದಲಾಯಿಸಿ, ಇನ್ನೊಂದಕ್ಕೆ ಹೇಳುವುದನ್ನೇ ಮರೆತರೆ ಹೀಗಾಗುತ್ತದೆ.

ಲಮ್‌ಯೈ ಎಂದು ಅವಳಿಗೆ ಹೆಸರಿಟ್ಟದ್ದು ಅಜ್ಜಿ. ಹಿತ್ತಲಿನ ಲಮ್‌ಯೈ ಮರ ಮೊದಲ ಸಲ ಹಣ್ಣು ಬಿಟ್ಟ ವರ್ಷ ಹುಟ್ಟಿದಳೆಂದು. ಹಣ್ಣಿನ ಹೆಸರು, ಹಳ್ಳಿಯ ಹೆಸರು. ಆ ಹೆಸರಿನಲ್ಲೇ ಗದ್ದೆ ನಾಟಿ ಮಾಡಿದಳು, ಆ ಹೆಸರಿನಲ್ಲೇ ಮದುವೆಯಾದಳು. ಮೊದಲ ಗಂಡ ಕುಡಿದು ಮೋಟಾರ್ ಸೈಕಲ್ಲನ್ನು ಕಬ್ಬಿನ ಲಾರಿಯಡಿಗೆ ಬಿಟ್ಟು ಸತ್ತ. ಮಕ್ಕಳಿರಲಿಲ್ಲ. ಆಮೇಲೆ ಊರಿನವರ ಜೊತೆ ಸ್ವೀಡನ್ನಿನ ಕಾಡಿಗೆ ಬೆರಿ ಹಣ್ಣು ಕೀಳುವ ಕೂಲಿಗೆ ಹೋದಳು. ಬೆಳಗಾದರೆ ಬಕೆಟ್ಟು ಹಿಡಿದು ಸೊಳ್ಳೆ ಮುತ್ತುವ ಜೌಗಿನಲ್ಲಿ ಬಗ್ಗಿದರೆ ಬೆನ್ನು ನೆಟ್ಟಗಾಗುವುದು ಸಂಜೆಗೆ. ಅಲ್ಲಿ ಕೂಲಿಯವರ ವ್ಯಾನು ಕೆಟ್ಟು ನಿಂತಾಗ ರಿಪೇರಿ ಮಾಡಲು ಬಂದವನು ಅರ್ವಿದ್. ಮರದ ಮಿಲ್ಲಿನ ಕೆಲಸಗಾರ, ಹೆಂಡತಿ ಬಿಟ್ಟುಹೋದವನು, ಮಾತು ಕಮ್ಮಿ. ವ್ಯಾನು ಸರಿಯಾದ ಮೇಲೂ ಮರುದಿನ ಬಂದ, ಅದರ ಮರುದಿನವೂ ಬಂದ. ಕೆಡದ ವ್ಯಾನನ್ನು ಎಷ್ಟು ದಿನ ರಿಪೇರಿ ಮಾಡುತ್ತಾನೆಂದು ಹೆಂಗಸರೆಲ್ಲ ನಗುತ್ತಿದ್ದರು.

ಮದುವೆಯಾದ ಮೇಲೆ ಅವಳನ್ನು ಆ ದೇಶದಲ್ಲಿ ಉಳಿಸಿಕೊಳ್ಳಲು ಅವನು ಕಾಲು ಸವೆಸಿದ್ದೂ ಇಂಥದೇ ಕಚೇರಿಗಳಿಗೆ. ಹಿಮದಲ್ಲಿ ಬಸ್ಸು ಹಿಡಿದು, ಇದೇ ಥರ ಕಾಗದದ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳಿದ್ದರು: ನಿನ್ನ ಹೆಂಡತಿ ಏನು ತಿನ್ನುತ್ತಾಳೆ, ಯಾವ ಮಗ್ಗುಲಲ್ಲಿ ಮಲಗುತ್ತಾಳೆ. ಪ್ರಶ್ನೆಗಳಿಗೆ ತೊದಲಿದವನು ಕೊನೆಗೆ ಸಿಟ್ಟಿಗೆದ್ದು, "ಅವಳ ಹೆಸರು ಲಮ್‌ಯೈ. ಅವಳಿಲ್ಲದೆ ನಾನು ಮನೆಗೆ ಹೋಗೋದಿಲ್ಲ," ಎಂದು ಕುರ್ಚಿ ಬಿಟ್ಟೇಳದೆ ಕೂತುಬಿಟ್ಟನಂತೆ. ಇದನ್ನು ಅವನೇ ಹೇಳಿದ್ದಲ್ಲ. ದುಭಾಷಿ ಹೆಂಗಸು ಹೊರಗೆ ಬಂದು ನಗುತ್ತಾ ಹೇಳಿದ್ದು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಾ ಅವಳು ಆ ದೇಶದ ಪ್ರಜೆಯೂ ಆದಳು. ಅವನು ನಿವೃತ್ತನಾದ ಮೇಲೆ, ಮೂಳೆಗೆ ಬಿಸಿಲು ಬೇಕೆಂದು ಇಬ್ಬರೂ ಅವಳ ಊರು ನೊಂಗ್‌ಬುವಾಕ್ಕೆ ಬಂದು ಮನೆ ಕಟ್ಟಿಕೊಂಡರು. ಅವನಿಗೆ ವರ್ಷಕ್ಕೊಮ್ಮೆ ಅನುಮತಿ, ಮೂರು ತಿಂಗಳಿಗೊಮ್ಮೆ ಹಾಜರಿ. ಅವಳಿಗೆ ಎರಡು ದೇಶದ ಪಾಸ್‌ಪೋರ್ಟು. ಎರಡು ಮನೆಯ ಸೊಸೆಯಾದ ಹಾಗೆ, ಎರಡು ಕಡೆಯೂ ಕೆಲಸವೇ ಹೊರತು ಸುಖವೇನಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ಅವನಿಗೆ ಲಕ್ವ ಹೊಡೆಯಿತು. ಕೋಳಿಗೂಡಿನ ಬಾಗಿಲಿಗೆ ಮೊಳೆ ಹೊಡೆಯುತ್ತಿದ್ದವನು ಸುತ್ತಿಗೆಯ ಜೊತೆಗೇ ಕುಸಿದ. ಆಸ್ಪತ್ರೆಯಲ್ಲಿ ಕಣ್ಣು ಬಿಡಲಿಲ್ಲ. ಅವಳು ವಿಹಾರಕ್ಕೆ ಓಡಿ ಹಿರಿಯ ಭಿಕ್ಕುಗಳ ಕಾಲಿಗೆ ಬಿದ್ದಳು. ಅವಳು ಹುಟ್ಟಿದ ವಾರ ಯಾವುದೆಂದು ಅವರು ಕೇಳಿದರು. ಶುಕ್ರವಾರ. ಹಾಳೆ ತಿರುವಿ ನೋಡಿ, "ಶುಕ್ರವಾರ ಹುಟ್ಟಿದವರಿಗೆ ಯ ರ ಲ ವ ಆಗಿಬರಲ್ಲ ತಾಯಿ. ನಿನ್ನ ಹೆಸರಲ್ಲಿ ಲ-ನೂ ಇದೆ ಯ-ನೂ ಇದೆ. ಒಬ್ಬ ಗಂಡ ಹೋಗಿದ್ದಾನಲ್ಲ, ಇವನ ಮೇಲೂ ಅದೇ ನೆರಳು ಬಿದ್ದಿದೆ," ಎಂದರು. ಸುಚಾದಾ ಎಂಬ ಹೆಸರು ಕೊಟ್ಟರು. ಹಸಿವಿನಿಂದ ಸೊರಗಿ ಕೂತಿದ್ದ ಬುದ್ಧನಿಗೆ ಹಾಲನ್ನದ ಬಟ್ಟಲು ತಂದುಕೊಟ್ಟ ಸುಜಾತೆಯ ಹೆಸರು. ನಮ್ಮವರ ನಾಲಿಗೆಯಲ್ಲಿ ಅದು ಸುಚಾದಾ. ಜೀವ ಉಳಿಸಿದವಳ ಹೆಸರು. ಅವಳು ಅವತ್ತೇ ತಾಲ್ಲೂಕು ಕಚೇರಿಗೆ ಹೋಗಿ ಬರೆಸಿಕೊಂಡಳು.

ಆ ವಾರವೇ ಅರ್ವಿದ್ ಕಣ್ಣು ಬಿಟ್ಟ. ನಂಬಬೇಕೋ ಬಿಡಬೇಕೋ ಓದುವವರಿಗೆ ಬಿಟ್ಟದ್ದು. ಅವಳಂತೂ ನಂಬಿದಳು. ಮಾತು ಮಾತ್ರ ಪೂರ್ತಿ ಹೋಗಿತ್ತು, ಅವನ ಭಾಷೆಯೂ ಇಲ್ಲ, ಇವಳ ಭಾಷೆಯೂ ಇಲ್ಲ. ಹಲವು ದಿನ ಗಂಟಲಲ್ಲಿ ಗೊರಗೊರ ಮಾಡಿ, ಒಂದು ಬೆಳಗ್ಗೆ ನರ್ಸುಗಳೆಲ್ಲ ಸುತ್ತ ನಿಂತಿದ್ದಾಗ ಒಂದು ಮಾತು ಹೊರಗೆ ಬಂತು.

"ಲಮ್‌ಯೈ."

ನರ್ಸುಗಳು ಚಪ್ಪಾಳೆ ತಟ್ಟಿದರು. ಅವಳು ಅಂಗೈಯಿಂದ ಅವನ ಬಾಯಿ ಮುಚ್ಚಿದಳು.

ಅಂದಿನಿಂದ ಅವನಿಗೆ ಇದ್ದದ್ದು ಅದೊಂದೇ ಮಾತು. ನೀರಿಗೂ ಲಮ್‌ಯೈ, ನೋವಿಗೂ ಲಮ್‌ಯೈ, ಫ್ಯಾನು ಜೋರಾಯಿತು ಎನ್ನುವುದಕ್ಕೂ ಲಮ್‌ಯೈ. ಅವಳು ಎದೆ ಮುಟ್ಟಿಕೊಂಡು "ಸು-ಚಾ-ದಾ" ಎಂದು ಎಳೆಮಗುವಿಗೆ ಕಲಿಸುವ ಹಾಗೆ ಕಲಿಸಿದಳು. ಅವನು ಕಣ್ಣರಳಿಸಿ ಕೇಳಿ, ತಲೆಯಾಡಿಸಿ, ಬಾಯಿ ಸರಿಮಾಡಿಕೊಂಡು ಎಲ್ಲ ಬಲ ಕೂಡಿಸಿ "ಲಮ್‌ಯೈ" ಎನ್ನುತ್ತಿದ್ದ. ಕೊನೆಗೆ ಅವಳು ತನಗೆ ತಾನೇ ಒಂದು ಕಟ್ಟು ಮಾಡಿಕೊಂಡಳು: ಕರೆದರೆ ಹೋಗುವುದು, ಆದರೆ ಓ ಎನ್ನುವುದಿಲ್ಲ. ಓಗೊಟ್ಟರೆ ಆ ಹೆಸರನ್ನು ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ಆ ನೆರಳು ತಿರುಗಿ ಬಂದಂತೆ. ಎರಡು ವರ್ಷ ಆ ಮನೆಯಲ್ಲಿ ಅವನು ಕೂಗುವುದು, ಅವಳು ತುಟಿ ಬಿಗಿದು ಬಂದು ನಿಲ್ಲುವುದು. ಊರಿನವರು, ಪಾಪ, ಸಾಕಾಗಿ ಮೂಕಿಯಾಗಿದ್ದಾಳೆ ಅಂದುಕೊಂಡರು.

ಕಚೇರಿಯಿಂದ ಬಂದ ಮಾರನೆಯ ದಿನ ಅವಳು ಸ್ವೀಡನ್ನಿಗೆ ಫೋನು ಹಚ್ಚಿದಳು. ವಾದ್ಯಸಂಗೀತ ಕೇಳಿಸಿ ಕೇಳಿಸಿ ಕಿವಿ ಬಿಸಿಯಾದ ಮೇಲೆ ಒಬ್ಬ ಗಂಡಸು ಸಿಕ್ಕ. ಸಜ್ಜನ. ಹೆಸರು ಬದಲಾದದ್ದಕ್ಕೆ ಅರ್ಜಿ ಹಾಕಿ, ಪತ್ರ ಅನುವಾದ ಮಾಡಿಸಿ ಕಳಿಸಿ, ಆಮೇಲೆ ಹೊಸ ಪಾಸ್‌ಪೋರ್ಟು, ಎಲ್ಲ ಸೇರಿ ಕೆಲವು ತಿಂಗಳು ಹಿಡಿಯಬಹುದು ಎಂದ.

"ನನಗೆ ಅಷ್ಟು ಸಮಯ ಇಲ್ಲಪ್ಪ. ಗಂಡನ್ನ ತಿಂಗಳ ಕೊನೆಗೆ ಹೊರಗೆ ಹಾಕ್ತಾರೆ."

"ನಿಮ್ಮನ್ನೂ ಹಾಕ್ತಾರಾ ಅಮ್ಮ?"

"ನನ್ನನ್ನ ಎರಡು ದೇಶದೋರೂ ಹಾಕಲ್ಲ. ಅದೇ ನೋಡು ನನ್ನ ಕರ್ಮ."

ಅವಳು ಫೋನಿಟ್ಟಳು. ಅಳುವುದಕ್ಕೂ ಆಯಾಸವಾಗಿತ್ತು.

ಉಳಿದದ್ದು ಒಂದೇ ದಾರಿ. ಹೆಸರು ಕೊಟ್ಟವರೇ ಬಿಡಿಸಲಿ ಎಂದು ವಿಹಾರಕ್ಕೆ ಹೋದಳು. ಆದರೆ ಹಿರಿಯ ಭಿಕ್ಕುಗಳು ಹೋದ ಮಳೆಗಾಲದಲ್ಲೇ ತೀರಿಕೊಂಡಿದ್ದರು. ಅವರ ಸಂಸ್ಕಾರಕ್ಕೆ ಅಂಟಕ್ಕಿ ಬೇಯಿಸಿದ್ದೇ ಅವಳು. ಅವರ ಜಾಗದಲ್ಲಿದ್ದವರು ಕನ್ನಡಕ ಹಾಕಿದ ಎಳೆಯ ಭಿಕ್ಕು, ಪೊರಕೆ ಹಿಡಿದು ಅಂಗಳ ಗುಡಿಸುತ್ತಿದ್ದರು. ಅವಳು ನೆಲಕ್ಕೆ ಹಣೆಯಿಟ್ಟು ಎಲ್ಲವನ್ನೂ ಹೇಳಿದಳು.

"ಹಳೇ ಹೆಸರು ತಗೊಂಡರೆ ಅವರಿಗೆ ಏನಾದರೂ ಆಗುತ್ತಾ ಗುರುಗಳೇ?"

"ನನಗೆ ಅಕ್ಷರ ನೋಡೋಕೆ ಬರಲ್ಲ ತಾಯಿ. ನಮ್ಮ ಗುರುಗಳು ಆ ವಿದ್ಯೆ ಯಾರಿಗೂ ಕಲಿಸಲಿಲ್ಲ."

"ಹಾಗಂದರೆ ನಾನು ಯಾರನ್ನ ಕೇಳಲಿ?"

ಭಿಕ್ಕು ಪೊರಕೆಯನ್ನು ಗೋಡೆಗೆ ಒರಗಿಸಿದರು. "ಗೊತ್ತಿಲ್ಲ," ಎಂದರು. ಸುಳ್ಳು ಹೇಳದ ಆ ಮುಖ ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನಾದರೂ ಹೇಳಬಾರದೇ, ಹಿಡಿದುಕೊಂಡು ಹೋಗಲಿಕ್ಕೆ?

ಮನೆಗೆ ಬಂದರೆ ಮಲಿವನ್ ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ವಿಷಯ ಕೇಳಿ ಚಾಕು ಕೆಳಗಿಟ್ಟಳು.

"ಅಕ್ಕಾ, ನಾಳೆನೇ ಹೋಗಿ ಲಮ್‌ಯೈ ಅಂತ ಬರೆಸ್ಕೊಂಡು ಬಾ. ಮುಗೀತು."

"ನಿನಗೇನು, ಹೇಳ್ತೀಯ. ಆಮೇಲೆ ಅವನಿಗೆ ಏನಾದರೂ ಆದರೆ? ನನ್ನ ಕೈಯಾರೆ ಕೊಂದ ಹಾಗೆ ಆಗಲ್ವಾ?"

"ಗಡಿಗೆ ಕರ್ಕೊಂಡು ಹೋದ್ರೆ ಆಗಲ್ವಾ?"

"ಆಗುತ್ತೆ."

"ಇಲ್ಲೇ ಸುಮ್ನೆ ಕೂತ್ರೆ?"

"ಪೊಲೀಸರು ಬರ್ತಾರೆ."

"ಎಲ್ಲಾ ಕಡೆ ಆಗೋದೇ ಆದ್ರೆ, ಖರ್ಚಿಲ್ಲದ್ದನ್ನ ಮಾಡು!" ಎಂದು ಮಲಿವನ್ ಬೆಳ್ಳುಳ್ಳಿ ಸಿಪ್ಪೆಯನ್ನು ಅಂಗಳಕ್ಕೆ ಎಸೆದಳು. ಕೋಳಿಗಳು ಓಡಿಬಂದು, ಮೋಸವೆಂದು ತಿಳಿದು ಹಿಂದೆ ಹೋದವು. ಸುಚಾದಾ ಎದ್ದು ಒಳಗೆ ಹೋದಳು. ತಂಗಿಯ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಹೆದರಿಕೆಯ ಮುಂದೆ ಸರಿಯಾದ ಮಾತಿಗೆ ಎಲ್ಲಿ ಬೆಲೆ?

ತಿಂಗಳು ಸವೆಯುತ್ತಾ ಬಂತು. ಅವಳು ದಿನವೂ ನಾಳೆ ಎಂದುಕೊಂಡಳು. ಆ ದಿನ ಮಧ್ಯಾಹ್ನ ಅರ್ವಿದ್‌ನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಅವನ ಬಲಗಡೆಗೆ, ಎರಡೇ ಮಾರು ದೂರದಲ್ಲಿ ಚಾಪೆ ಹಾಸಿಕೊಂಡು ಅವನ ಪಂಚೆಯಂಥ ಉಡುಪುಗಳನ್ನು ಮಡಚುತ್ತಿದ್ದಳು. ಮಲಿವನ್ ಬೀದಿಯಲ್ಲಿ ಗಾಡಿಗೆ ಕೋಳಿ ತುಂಬುತ್ತಿದ್ದಳು.

"ಲಮ್‌ಯೈ," ಎಂದ ಅರ್ವಿದ್.

ಅವಳು ತಲೆಯೆತ್ತಿ ನೋಡಿದಳು. ಏನೂ ಬೇಕಿದ್ದ ಹಾಗೆ ಕಾಣಲಿಲ್ಲ. ಮಡಚುವುದನ್ನು ಮುಂದುವರಿಸಿದಳು.

"ಲಮ್‌ಯೈ?"

ಇರು, ಇದೊಂದು ಮಡಚಿ ಬಂದೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಬಾಯಲ್ಲಿ ಅನ್ನಲಿಲ್ಲ. ಅವನ ದನಿ ಏರಿತು. ಎಡಗಡೆಗೆ ಹೊರಳಿ ನೋಡಿದ, ಬಾಗಿಲ ಕಡೆ ನೋಡಿದ, ಅಂಗಳ ನೋಡಿದ. ಕಣ್ಣಲ್ಲಿ ನೀರು ಬಂತು. ಎಡಗೈಯಿಂದ ಕುರ್ಚಿಯ ಹಿಡಿ ಒತ್ತಿ ಏಳಲು ಹೋದ. ಅವಳು ಬಟ್ಟೆ ಬಿಸಾಡಿ ಧಾವಿಸುವಷ್ಟರಲ್ಲಿ ಕುರ್ಚಿಯ ಸಮೇತ ಮಗುಚಿ ಬಿದ್ದಿದ್ದ.

ಮಲಿವನ್ ಓಡಿಬಂದಳು. ಇಬ್ಬರೂ ಸೇರಿ ಎತ್ತಿ ಕೂರಿಸಿದರು. ಹುಬ್ಬಿನ ಮೇಲೆ ಸೀಳಿ ರಕ್ತ ಇಳಿಯುತ್ತಿತ್ತು. ಅವನು ಗಳಗಳ ಅಳುತ್ತಾ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ, ಕಳೆದುಹೋದದ್ದು ಸಿಕ್ಕಿದವರ ಹಾಗೆ.

"ಪಕ್ಕದಲ್ಲೇ ಇದ್ದೆಯಲ್ಲೇ!" ಎಂದು ಮಲಿವನ್ ಚೀರಿದಳು. "ಆ ಕಡೆಯ ಕಣ್ಣು ಕಾಣಲ್ಲ ಅಂತ ಡಾಕ್ಟರು ಬಾಯಿ ಬಿಟ್ಟು ಹೇಳಿದ್ರು. ಓ ಅಂದಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು? ಪಾಪದ ಮನುಷ್ಯ, ನೀನು ಮನೇಲಿ ಇಲ್ಲ ಅಂತ ಎದ್ದಿದ್ದಾನೆ ಕಣೆ. ಎರಡು ವರ್ಷದಿಂದ ದಿನಾ ಹಾಗೇ ಅಂದ್ಕೊಂಡು ಹೆದರಿರ್ತಾನೆ!"

ಸುಚಾದಾ ಒದ್ದೆ ಬಟ್ಟೆಯಿಂದ ಹುಬ್ಬು ಒತ್ತಿ ಹಿಡಿದು ನಿಂತಳು. ಅವಳು ಇದನ್ನು ಯೋಚಿಸಿಯೇ ಇರಲಿಲ್ಲ. ಅವನು ನೀರು ಬೇಕು, ನೋವು ಎಂದು ಕರೆಯುತ್ತಾನೆಂದು ತಿಳಿದಿದ್ದಳು. ಇದ್ದೀಯಾ ಎಂದು ಕೇಳುತ್ತಿದ್ದಾನೆಂದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಅವಳ ಕತ್ತು ಕುಗ್ಗಿತು.

"ನಾಳೆ ಬೆಳಗ್ಗೆ ಗಾಡಿ ತೆಗಿ," ಎಂದಳು ತಂಗಿಗೆ.

ಬೆಳಗ್ಗೆ ಹೊರಡುವ ಮುಂಚೆ ಅವನ ಎಡಗೈ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ, ಜೀವವೇ, ಎಲ್ಲೂ ಹೋಗಬೇಡ, ಈ ಮೈಯಲ್ಲೇ ಇರು ಎಂದು ಅಜ್ಜಿ ಹೇಳುತ್ತಿದ್ದ ಮಾತನ್ನು ಪಿಸುಗುಟ್ಟಿದಳು. ಅವನು ಬ್ಯಾಂಡೇಜಿನ ಕೆಳಗಿನಿಂದ ಅವಳನ್ನೇ ನೋಡಿದ.

ತಾಲ್ಲೂಕು ಕಚೇರಿಯ ಗುಮಾಸ್ತ ಅರ್ಜಿ ನೋಡಿ ಹುಬ್ಬೇರಿಸಿದ. "ಹೊಸ ಹೆಸರಿಗೆ ಬರ್ತಾರೆ ಅಕ್ಕ, ಹಳೇದಕ್ಕೆ ಯಾರೂ ಬರಲ್ಲ. ಕಾರಣ ಏನಂತ ಬರೀಲಿ? ಅದೃಷ್ಟಕ್ಕೆ ಅಂತ ಹಾಕ್ಲಾ? ಎಲ್ಲರೂ ಅದನ್ನೇ ಹಾಕಿಸ್ತಾರೆ."

"ಗಂಡ ಹಾಗೇ ಕರೀತಾನೆ ಅಂತ ಬರಿ."

"ಅದು ಕಾರಣ ಆಗುತ್ತಾ?"

"ನನಗೆ ಅಷ್ಟೇ ಇರೋದು."

ಅವನು ಹೆಗಲು ಕುಣಿಸಿ ಬರೆದುಕೊಂಡ. ಫೋಟೊ ತೆಗೆದ. ಚೀಟಿ ಯಂತ್ರದಿಂದ ಬಿಸಿಬಿಸಿಯಾಗಿ ಹೊರಗೆ ಬಂತು. ಸುಚಾದಾ ಎಂಬವಳು ಅಲ್ಲಿಗೆ ಮುಗಿದಳು. ಇನ್ನು ನಾನೂ ಅವಳನ್ನು ಲಮ್‌ಯೈ ಎಂದೇ ಕರೆಯುತ್ತೇನೆ.

ಲಮ್‌ಯೈ ಚೀಟಿ ಹಿಡಿದು ಗಾಡಿಯ ಹತ್ತಿರ ಬಂದಳು. ಅರ್ವಿದ್ ಮುಂದಿನ ಸೀಟಿನಲ್ಲಿ ತಲೆ ವಾಲಿಸಿ ಕೂತಿದ್ದ. ನೋಡಿದ, ಮಾತಾಡಲಿಲ್ಲ. ಪಟ್ಟಣದವರೆಗೂ ಮಾತಾಡಲಿಲ್ಲ. ವಲಸೆ ಕಚೇರಿಯ ಗದ್ದಲದಲ್ಲಿ, ಅದೇ ಹುಡುಗಿಯ ಕಿಟಕಿಯ ಮುಂದೆ, "ದೊಡ್ಡಪ್ಪಾ, ಹೇಗಿದೀರಿ?" ಎಂದು ಅವಳು ಕೇಳಿದಾಗಲೂ ಬಾಯಿ ತೆರೆಯಲಿಲ್ಲ. ಎರಡು ವರ್ಷದಲ್ಲಿ ಎಚ್ಚರವಿದ್ದಾಗ ಅವನು ಅಷ್ಟು ಹೊತ್ತು ಕರೆಯದೆ ಇದ್ದದ್ದೇ ಇಲ್ಲ.

"ಎಲ್ಲಾ ಸರಿಯಿದೆ ದೊಡ್ಡಮ್ಮ," ಎಂದು ಹುಡುಗಿ ಪಾಸ್‌ಪೋರ್ಟಿನ ಹಾಳೆ ಒತ್ತಿ ಹಿಡಿದು ಮೊಹರು ಕುಕ್ಕಿದಳು. "ಈಗ ಒತ್ತಿದ್ದು ಅರ್ಜಿ ಪರಿಶೀಲನೇಲಿದೆ ಅನ್ನೋ ಮೊಹರು. ಮನೆ ನೋಡ್ಕೊಂಡು ಹೋಗೋಕೆ ನಾವು ಒಂದಿನ ಬರ್ತೀವಿ, ಆಮೇಲೆ ವರ್ಷದ್ದು ಕೊಡ್ತೀವಿ. ಇನ್ನು ನಿಶ್ಚಿಂತೆಯಾಗಿ ಹೋಗಿ. ಮುಂದಿನ ವರ್ಷ ಫೋಟೊ ಹೊಸದು ಬೇಕು, ಮರೀಬೇಡಿ."

ಮುಂದಿನ ವರ್ಷ! ಲಮ್‌ಯೈ ತಲೆಯಾಡಿಸಿ ಕಟ್ಟನ್ನು ಚೀಲಕ್ಕೆ ತುರುಕಿದಳು. ತಿಂಗಳಿಡೀ ಯಾವ ಮೊಹರಿಗಾಗಿ ಜೀವ ತೇಯ್ದಳೋ ಅದನ್ನು ತೆರೆದೂ ನೋಡಲಿಲ್ಲ.

ದಾರಿಯಲ್ಲಿ ಅವನ ಕಣ್ಣು ಮುಚ್ಚಿತು. ಅವಳು ಅವನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. ಮತ್ತೆ ಇಟ್ಟು ನೋಡಿದಳು.

"ನಿದ್ದೆ ಕಣೆ ಅದು, ನಿದ್ದೆ," ಎಂದಳು ಮಲಿವನ್, ಸ್ಟೇರಿಂಗ್ ಬಿಡದೆ. "ನಿನ್ನೆ ಬಿದ್ದ ನೋವು, ಮಾತ್ರೆ ಬೇರೆ. ನೀನು ಮೊದಲು ಉಸಿರಾಡು."

ಮನೆಯಲ್ಲಿ ಅವನನ್ನು ಜಗಲಿಯ ಮಂಚದ ಮೇಲೆ ಮಲಗಿಸಿ ಮಲಿವನ್ ಅಂಗಡಿ ತೆರೆಯಲು ಹೋದಳು. ಲಮ್‌ಯೈ ಹಿತ್ತಲಿಗೆ ಹೋಗಿ ಇದ್ದಿಲ ಒ‍ಲೆ ಹಚ್ಚಿ, ನೆನೆಸಿಟ್ಟಿದ್ದ ಅಂಟಕ್ಕಿಯನ್ನು ಬಿದಿರ ಬುಟ್ಟಿಗೆ ಸುರಿದು ಹಬೆಗಿಟ್ಟಳು. ಕೈ ಕೆಲಸ ಮಾಡುತ್ತಿತ್ತು, ಕಿವಿ ಜಗಲಿಯಲ್ಲಿತ್ತು. ಜಗಲಿಯಲ್ಲಿ ಸದ್ದಿರಲಿಲ್ಲ. ಹೋಗಿ ನೋಡುವ ಧೈರ್ಯವೂ ಇರಲಿಲ್ಲ. ಏನು ಮಾಡಿಬಿಟ್ಟೆ ನಾನು, ಒಂದು ಮೊಹರಿಗೋಸ್ಕರ ಏನು ಮಾಡಿಬಿಟ್ಟೆ ಎಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಬುಟ್ಟಿಯಿಂದ ಹಬೆ ಏರಿತು, ಅನ್ನ ಬೆಂದ ಪರಿಮಳ ಬಂತು. ಅದನ್ನು ತಿರುವಿ ಹಾಕಬೇಕೆಂಬುದೂ ಅವಳಿಗೆ ಮರೆತುಹೋಯಿತು.

"ಲಮ್‌ಯೈ."

ಅವಳು ಧಡಕ್ಕನೆ ಎದ್ದಳು.

"ಲಮ್‌ಯೈ?"

"ಓ!" ಎಂದಳು, ಬೇಲಿಯಾಚೆಯ ನಾಯಿ ಎದ್ದು ಬೊಗಳುವಷ್ಟು ಜೋರಾಗಿ. "ಓ, ಇಲ್ಲೇ ಇದೀನಿ! ಒಲೆ ಹತ್ರ ಇದೀನಿ, ಬಂದೆ!"

ಜಗಲಿಯಿಂದ ಮತ್ತೆ ಕರೆ ಬರಲಿಲ್ಲ. ಅವಳು ಒದ್ದೆ ಕೈಯಲ್ಲೇ, ಚಪ್ಪಲಿಯೂ ಇಲ್ಲದೆ ಓಡಿದಳು. ಅವನಿಗೆ ನೀರು ಬೇಕಿರಲಿಲ್ಲ, ನೋವಿರಲಿಲ್ಲ, ಏನೂ ಬೇಕಿರಲಿಲ್ಲ. ಅವಳು ಹೋಗಿ ಎದೆಯ ಮೇಲೆ ಕೈಯಿಡುವ ಹೊತ್ತಿಗೆ ಮಗ್ಗುಲಾಗಿ, ನಿರಾಳವಾಗಿ ಗೊರಕೆ ಹೊಡೆಯುತ್ತಿದ್ದ.